ಹೊಸ ಸೂಜಿ ಕೊಟ್ಟರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತಲ್ಲವೇ?

ಪ್ರಶ್ನೆ: ಎಚ್‌ಐವಿ ತಡೆಯುವುದಕ್ಕಾಗಿ, ಮಾದಕ ವಸ್ತು ಚುಚ್ಚಿಕೊಳ್ಳುವವರಿಗೆ ಸರ್ಕಾರದ ಯೋಜನೆಯಡಿಯಲ್ಲೇ ಹೊಸ ಸೂಜಿ ಕೊಡುತ್ತಾರಂತೆ. ಮಂಗಳೂರಿನಲ್ಲಿ ಪೊಲೀಸರು ದಿನವೂ ಮಾದಕ ವಸ್ತು ಹಿಡಿಯುತ್ತಿರುವಾಗ ಇದು ಚಟಕ್ಕೆ ಕುಮ್ಮಕ್ಕು ಕೊಟ್ಟಂತಲ್ಲವೇ? (ಓದುಗರೊಬ್ಬರು, ಸುರತ್ಕಲ್)

ಉತ್ತರ: ಅಲ್ಲ. ನಿಮ್ಮ ಆತಂಕ ನ್ಯಾಯವಾದದ್ದೇ. ಮಕ್ಕಳನ್ನು ಹಾಸ್ಟೆಲಿನಲ್ಲಿ ಬಿಟ್ಟ ಎಷ್ಟೋ ತಂದೆತಾಯಿಯರದೂ ಅದೇ. ನಮ್ಮ ಕರಾವಳಿಯಲ್ಲಿ ಸುದ್ದಿಯಾಗುವುದು ಹೆಚ್ಚಾಗಿ ಗಾಂಜಾ ಮತ್ತು ಎಂಡಿಎಂಎ; ಸೂಜಿ ಯೋಜನೆಯ ಉದ್ದೇಶ ಮುಖ್ಯವಾಗಿ ಹೆರಾಯಿನ್‌ನಂಥವನ್ನು ಚುಚ್ಚಿಕೊಳ್ಳುವವರನ್ನು ತಲುಪುವುದು. ಅವರು ಸೂಜಿ ಸಿಗಲಿಲ್ಲವೆಂದು ಚಟ ಬಿಡುವುದಿಲ್ಲ, ಇನ್ನೊಬ್ಬರು ಬಳಸಿದ್ದನ್ನೇ ಬಳಸುತ್ತಾರೆ. ಸೂಜಿ ರಕ್ತನಾಳಕ್ಕೆ ಹೊಕ್ಕಿದೆಯೇ ಎಂದು ತಿಳಿಯಲು ಸ್ವಲ್ಪ ರಕ್ತವನ್ನು ಸಿರಿಂಜಿನೊಳಕ್ಕೆ ಎಳೆದು ನೋಡುವ ರೂಢಿಯಿರುವುದರಿಂದ, ಅದರಲ್ಲಿ ಉಳಿದ ರಕ್ತವು ನೇರವಾಗಿ ಮುಂದಿನವರ ದೇಹ ಸೇರುತ್ತದೆ. ಹೆಪಟೈಟಿಸ್ ಸಿ ಹರಡುವುದೂ ಹೀಗೆಯೇ.

ಸೂಜಿಗೆ ಕಡಿವಾಣ ಹಾಕಿದರೆ ಏನಾಗುತ್ತದೆಂಬುದನ್ನು ಸ್ಕಾಟ್ಲೆಂಡಿನ ಎಡಿನ್‌ಬರೊ ನಗರ ತೋರಿಸಿಕೊಟ್ಟಿದೆ. 1980ರ ದಶಕದ ಆರಂಭದಲ್ಲಿ ಅಲ್ಲಿ ಹೊಸ ಸಿರಿಂಜ್ ಸಿಗುವುದೇ ದುರ್ಲಭವಾಗಿತ್ತು; 1986ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪರೀಕ್ಷಿಸಲಾದ ಹೆರಾಯಿನ್ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎಚ್‌ಐವಿ ಸೋಂಕು ತಗುಲಿತ್ತು. ಮಣಿಪುರದಲ್ಲಿ 1989–90ರಲ್ಲಿ, ವರ್ಷ ತುಂಬುವುದರೊಳಗೆ, ಚುಚ್ಚಿಕೊಳ್ಳುವವರಲ್ಲಿ ಸರಿಸುಮಾರು ಅರ್ಧದಷ್ಟು ಜನರಿಗೆ ಎಚ್‌ಐವಿ ಹರಡಿತು. ಆ ಪೆಟ್ಟು ತಿಂದ ರಾಜ್ಯವೇ 1996ರಲ್ಲಿ ಹಾನಿ ತಗ್ಗಿಸುವ ಕ್ರಮವನ್ನು, ಅಂದರೆ ಚಟ ಬಿಡದವರಿಗೂ ಸೋಂಕು ತಗುಲದಂತೆ ನೋಡಿಕೊಳ್ಳುವ ಇಂಥ ಕ್ರಮವನ್ನು, ತನ್ನ ಏಡ್ಸ್ ನೀತಿಯಲ್ಲಿ ಸೇರಿಸಿಕೊಂಡಿತು. ಮುಂದಿನ ವರ್ಷಗಳಲ್ಲಿ ಈ ಗುಂಪಿನ ಸೋಂಕಿನ ಪ್ರಮಾಣ ಅಲ್ಲಿ ಬಹಳಷ್ಟು ಇಳಿಯಿತು.

ದೇಶದ ಒಟ್ಟು ಚಿತ್ರ ಮಾತ್ರ ನೆಮ್ಮದಿ ಕೊಡುವಂಥದ್ದಲ್ಲ. ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇ. 0.2ರ ಆಸುಪಾಸಿನಲ್ಲಿದ್ದರೆ, ಮಾದಕ ವಸ್ತು ಚುಚ್ಚಿಕೊಳ್ಳುವವರಲ್ಲಿ ಅದು 2017ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸುಮಾರು ಶೇ. 6.3, 2021ರಲ್ಲಿ ಸುಮಾರು ಶೇ. 9 ಇತ್ತು. ಇದನ್ನು ಓದಿಯೂ ಸೂಜಿಯ ಬಗ್ಗೆ ಹಿಂಜರಿಯುವುದು ನನ್ನ ದೃಷ್ಟಿಯಲ್ಲಿ ತಪ್ಪು.

ಸೂಜಿಗಿಂತಲೂ ಮುಖ್ಯವಾದುದು ಅದರ ನೆಪದಲ್ಲಿ ಬೆಳೆಯುವ ಒಡನಾಟ. ಹಳೆಯ ಸೂಜಿ ಒಪ್ಪಿಸಿ ಹೊಸದನ್ನು ಪಡೆಯಲು ಬರುವವರು ಕ್ರಮೇಣ ರಕ್ತ ಪರೀಕ್ಷೆಗೂ ಒಪ್ಪುತ್ತಾರೆ. ಹಲವರು ಒಎಸ್‌ಟಿ ಚಿಕಿತ್ಸೆಗೆ, ಅಂದರೆ ಹೆರಾಯಿನ್ ಬದಲಿಗೆ ವೈದ್ಯರ ನಿಗಾದಲ್ಲಿ ನಾಲಿಗೆಯಡಿ ಇಟ್ಟುಕೊಳ್ಳುವ ಬ್ಯುಪ್ರೆನಾರ್ಫಿನ್ ಮಾತ್ರೆಗೆ ಅಥವಾ ಕುಡಿಯುವ ಮೆಥಡೋನ್‌ಗೆ ಬರುತ್ತಾರೆ. ಇಂಥ ಚಿಕಿತ್ಸೆಯಿಂದ ಎಚ್‌ಐವಿ ತಗುಲುವ ಸಾಧ್ಯತೆ ಅರ್ಧದಷ್ಟು ತಗ್ಗುತ್ತದೆಂದು ಅಧ್ಯಯನಗಳು ಹೇಳುತ್ತವೆ.

ಪೊಲೀಸರ ಕೆಲಸಕ್ಕೂ ಇದಕ್ಕೂ ಕಾನೂನಿನಲ್ಲಿ ವಿರೋಧವಿಲ್ಲ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2017ರ 22ನೇ ಸೆಕ್ಷನ್ ಪ್ರಕಾರ ಸೋಂಕಿನ ಅಪಾಯ ತಗ್ಗಿಸುವ ಇಂಥ ಕ್ರಮಗಳು ಅಪರಾಧವಲ್ಲ. ಸೂಜಿ ವಿನಿಮಯವನ್ನು ಅಲ್ಲಿ ಉದಾಹರಣೆಯಾಗಿಯೇ ಕೊಡಲಾಗಿದೆ.

ನಿಮ್ಮ ಪರಿಚಯದ ಯಾರಾದರೂ ಬಳಸಿದ ಸೂಜಿ ಚುಚ್ಚಿಕೊಂಡಿದ್ದರೆ, ಅವರನ್ನು ಬೈಯುತ್ತಾ ಹೊತ್ತು ಕಳೆಯದೆ ತಕ್ಷಣ ಮಂಗಳೂರಿನ ವೆನ್‌ಲಾಕ್‌ಗೋ ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೋ ಕರೆದೊಯ್ಯಿರಿ. ಸೋಂಕು ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಆರಂಭಿಸಿ 28 ದಿನ ನುಂಗಬೇಕು. ಆದಷ್ಟು ಬೇಗ ಆರಂಭಿಸಿದಷ್ಟೂ ಒಳ್ಳೆಯದು. ಎಚ್‌ಐವಿ ಕುರಿತ ಮಾಹಿತಿಗೆ 1097, ವ್ಯಸನಮುಕ್ತಿಗೆ 14446 ಸಹಾಯವಾಣಿಗಳಿವೆ.