ಪ್ರೊಫೇಜ್ ಅಂದರೆ ಏನು?

ಕಾಲರಾ ಬಂದವರಿಗೆ ಅಕ್ಕಿ ತೊಳೆದ ನೀರಿನ ಹಾಗೆ ಭೇದಿಯಾಗುತ್ತದೆ. ಕೆಲವೇ ಗಂಟೆಗಳಲ್ಲಿ ಮೈಯ ನೀರೆಲ್ಲ ಹೋಗಿ ಜೀವಕ್ಕೇ ಕುತ್ತು ಬರಬಹುದು. ಕಾಲರಾ ಬ್ಯಾಕ್ಟೀರಿಯಾ ಬಿಡುವ ಒಂದು ವಿಷ ಇದಕ್ಕೆ ಕಾರಣ. ಅದನ್ನು 1959ರಲ್ಲಿ ತೋರಿಸಿಕೊಟ್ಟವರು ಕೋಲ್ಕತ್ತದ ಶಂಭುನಾಥ್ ಡೇ. ಮೊಲದ ಕರುಳಿನ ಒಂದು ಭಾಗವನ್ನು ಎರಡೂ ಕಡೆ ಕಟ್ಟಿ, ಬ್ಯಾಕ್ಟೀರಿಯಾವನ್ನೆಲ್ಲ ಸೋಸಿ ತೆಗೆದ ದ್ರವವನ್ನು ಅದರೊಳಗೆ ಬಿಟ್ಟರು. ಅಷ್ಟಕ್ಕೇ ಕರುಳಲ್ಲಿ ನೀರು ತುಂಬಿಕೊಂಡಿತು.

ಆದರೆ ಆ ವಿಷ ಬ್ಯಾಕ್ಟೀರಿಯಾದ ಸ್ವಂತದ್ದಲ್ಲ. ವಿಷ ತಯಾರಿಸುವ ಜೀನ್‌ಗಳು ಒಂದು ವೈರಸ್‌ನವು ಎಂದು 1996ರಲ್ಲಿ ಮ್ಯಾಥ್ಯೂ ವಾಲ್ಡರ್ ಮತ್ತು ಜಾನ್ ಮೆಕಲಾನೋಸ್ ಕಂಡುಕೊಂಡರು. ಆ ವೈರಸ್ ಬ್ಯಾಕ್ಟೀರಿಯಾದ ಡಿಎನ್‌ಎ ಒಳಗೇ ಸೇರಿಕೊಂಡು ಕೂತಿರುತ್ತದೆ. ಹೀಗೆ ಒಳಗೆ ಕೂತ ವೈರಸ್‌ಗೆ ಪ್ರೊಫೇಜ್ ಎಂದು ಹೆಸರು.

ಫೇಜ್ ಅನ್ನುವುದು ಗ್ರೀಕ್ ಮೂಲದ ಪದ, ‘ತಿನ್ನುವುದು’ ಅನ್ನುವ ಅರ್ಥದ್ದು. ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್‌ಗಳಿಗೆ 1917ರಲ್ಲಿ ಫೆಲಿಕ್ಸ್ ಡೆರೆಲ್ ಬ್ಯಾಕ್ಟೀರಿಯೊಫೇಜ್ ಎಂದು ಹೆಸರಿಟ್ಟರು. ಹೆಸರು ಚೆನ್ನಾಗಿದೆ, ಆದರೆ ನನಗೆ ಅದು ಅರ್ಧ ಕಥೆಯನ್ನಷ್ಟೇ ಹೇಳುತ್ತದೆ ಅನಿಸುತ್ತದೆ. ಎಷ್ಟೋ ಫೇಜ್‌ಗಳು ಒಳಹೊಕ್ಕ ಕೂಡಲೇ ಕೊಲ್ಲುವುದಿಲ್ಲ. ಸುಮ್ನೆ ಇದ್ದುಬಿಡುತ್ತವೆ.

ಎಷ್ಟು ಸುಮ್ಮನೆ? ಪ್ಯಾರಿಸ್‌ನಲ್ಲಿ ಆಂಡ್ರೆ ಲ್ವೋಫ್ ಇದನ್ನು ಕಣ್ಣಾರೆ ನೋಡಬೇಕೆಂದು ಹೊರಟರು. ಒಂದು ಪುಟ್ಟ ಹನಿಯಲ್ಲಿ ಒಳಗೆ ಫೇಜ್ ಕೂತಿರುವ ಒಂದೇ ಒಂದು ಬ್ಯಾಕ್ಟೀರಿಯಾ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕೂತರು. ಅದು ಎರಡಾದಾಗ ಒಂದನ್ನು ಎತ್ತಿ ಬೇರೆ ಇಟ್ಟರು. ಮತ್ತೆ ಎರಡಾಯಿತು, ಮತ್ತೆ ಎತ್ತಿದರು. ಹೀಗೆ 19 ಸಲ. ಹನಿಯಲ್ಲಿ ಹೊರಬಂದ ಫೇಜ್ ಒಂದು ಕೂಡ ಇರಲಿಲ್ಲ. ಆದರೂ ಫೇಜ್ ಹುಟ್ಟಿಸುವ ಗುಣ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತಲೇ ಇತ್ತು. ಆಮೇಲೆ ಅವರ ತಂಡ ಅತಿನೇರಳೆ ಬೆಳಕು ಬಿಟ್ಟು ನೋಡಿತು. ಬ್ಯಾಕ್ಟೀರಿಯಾ ಒಡೆದು ಫೇಜ್‌ಗಳು ಗುಂಪಾಗಿ ಹೊರಬಂದವು. ಪ್ರೊಫೇಜ್ ಎಂಬ ಪದ ಬಂದದ್ದು ಈ ಕೆಲಸದಿಂದಲೇ. 1965ರ ನೊಬೆಲ್ ಪಡೆದ ಮೂವರಲ್ಲಿ ಲ್ವೋಫ್ ಕೂಡ ಒಬ್ಬರು.

ಬ್ಯಾಕ್ಟೀರಿಯಾ ಎರಡಾದಾಗಲೆಲ್ಲ ಪ್ರೊಫೇಜ್ ಕೂಡ ನಕಲಾಗುತ್ತದೆ. ಹಾಗಾಗಿ ಆತಿಥೇಯ ಚೆನ್ನಾಗಿದ್ದರೆ ಅದಕ್ಕೂ ಲಾಭ, ಅಲ್ವಾ? ಲ್ಯಾಂಬ್ಡಾ ಎಂಬ ಫೇಜ್ ನೋಡಿ. ಎಸ್ತರ್ ಲೆಡರ್‌ಬರ್ಗ್ ಇದನ್ನು ಕರುಳಿನಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಪತ್ತೆಮಾಡಿ 1951ರಲ್ಲಿ ಪ್ರಕಟಿಸಿದರು. ಅದು ಕೂರುವ ಜಾಗ ಗೊತ್ತುಮಾಡಿದ ಹಾಗೆ ಇದೆ: ಒಂದು ಪಕ್ಕ ಗ್ಯಾಲಕ್ಟೋಸ್ ಸಕ್ಕರೆ ಬಳಸುವ ಜೀನ್‌ಗಳು, ಇನ್ನೊಂದು ಪಕ್ಕ ಬಯೋಟಿನ್ ಎಂಬ ಜೀವಸತ್ವ ತಯಾರಿಸುವ ಜೀನ್‌ಗಳು. ಅದು ಅಲ್ಲಿದ್ದಷ್ಟು ದಿನ ಬೇರೊಂದು ಲ್ಯಾಂಬ್ಡಾ ಬಂದರೆ ತಲೆಯೆತ್ತಲು ಬಿಡುವುದಿಲ್ಲ. ಹೊರಡುವಾಗ ಮಾತ್ರ ಅಪರೂಪಕ್ಕೊಮ್ಮೆ ಕತ್ತರಿ ತಪ್ಪುತ್ತದೆ. ಪಕ್ಕದ ಜೀನ್‌ಗಳೂ ಗಂಟಿನಲ್ಲಿ ಸೇರಿ ಮುಂದಿನ ಬ್ಯಾಕ್ಟೀರಿಯಾದ ಮನೆಗೆ ಹೋಗುತ್ತವೆ. ತಾಯಿಯಿಂದ ಮಗಳಿಗಲ್ಲದೆ, ನೆರೆಯವರಿಂದ ನೆರೆಯವರಿಗೆ ಜೀನ್ ದಾಟುವ ದಾರಿಗಳಲ್ಲಿ ಇದೂ ಒಂದು.

ಕಾಲರಾದ ಫೇಜ್ ಒಳಹೊಗುವ ಬಗೆ ಇನ್ನೂ ವಿಚಿತ್ರ. ಕರುಳಿನಲ್ಲಿ ನೆಲೆಯೂರಲು ಬ್ಯಾಕ್ಟೀರಿಯಾಕ್ಕೆ ಕೂದಲಿನಂಥ ಎಳೆಗಳು ಬೇಕು. ಫೇಜ್ ಹಿಡಿದುಕೊಳ್ಳುವುದೂ ಅದೇ ಎಳೆಗಳನ್ನೇ. ಅಂದರೆ ಮನುಷ್ಯನ ಕರುಳಿಗೆ ಅಂಟುವ ಶಕ್ತಿ ಇರುವ ಬ್ಯಾಕ್ಟೀರಿಯಾಕ್ಕೇ ವಿಷದ ಜೀನ್ ಕೂಡ ಸಿಗುತ್ತದೆ. ಗಂಟಲಮಾರಿ ಅಥವಾ ಡಿಫ್ತೀರಿಯಾದ ವಿಷದ ಜೀನ್ ಕೂಡ ಫೇಜ್‌ನಿಂದಲೇ ಬಂದದ್ದು.

ಜಪಾನಿನ ಸಕಾಯ್ ಊರಿನಲ್ಲಿ 1996ರಲ್ಲಿ ಸಾವಿರಾರು ಶಾಲಾ ಮಕ್ಕಳ ಆರೋಗ್ಯ ಕೆಡಿಸಿದ ಇ. ಕೋಲಿಯ ಜೀನೋಮ್, ಅಂದರೆ ಇಡೀ ಡಿಎನ್‌ಎ, ಓದಿದಾಗ 18 ಪ್ರೊಫೇಜ್‌ಗಳು ಸಿಕ್ಕವು. ರಕ್ತಭೇದಿ ತರುವ ಶಿಗಾ ವಿಷದ ಜೀನ್‌ಗಳು ಇರುವುದು ಅವುಗಳಲ್ಲೇ. ಕೆಲವು ಆಂಟಿಬಯಾಟಿಕ್‌ಗಳು ಡಿಎನ್‌ಎಗೆ ಪೆಟ್ಟು ಕೊಟ್ಟು ಮಲಗಿದ ಫೇಜ್ ಅನ್ನು ಎಬ್ಬಿಸುತ್ತವೆ, ಆಗ ವಿಷ ಇನ್ನೂ ಜಾಸ್ತಿಯಾಗುತ್ತದೆ. ಈ ಸೋಂಕಿಗೆ ವೈದ್ಯರು ಸಾಮಾನ್ಯವಾಗಿ ಆಂಟಿಬಯಾಟಿಕ್ ಕೊಡದಿರಲು ಇದೂ ಒಂದು ಕಾರಣ.

ಕಾಲ ಕಳೆದಂತೆ ಕೆಲವು ಪ್ರೊಫೇಜ್‌ಗಳ ಜೀನ್‌ಗಳು ಕೆಟ್ಟು, ಅವು ಮತ್ತೆಂದೂ ಹೊರಬರಲಾರದ ಹಾಗೆ ಆಗುತ್ತವೆ. ಪ್ರಯೋಗಾಲಯಗಳಲ್ಲಿ ಬಳಸುವ ಕೆ-12 ಎಂಬ ಇ. ಕೋಲಿಯಲ್ಲಿ ಇಂಥ 9 ಪಾಳುಮನೆಗಳಿವೆ. ಇವು ಬರೀ ಕಸ ಇರಬೇಕು ಅಂತ ತೋರುವುದು ಸಹಜ. 2010ರಲ್ಲಿ ಸಂಶೋಧಕರು ಒಂಬತ್ತನ್ನೂ ಕಿತ್ತುಹಾಕಿ ನೋಡಿದರು. ಆ ಬ್ಯಾಕ್ಟೀರಿಯಾಕ್ಕೆ ಆಮ್ಲವನ್ನೂ ಕೆಲವು ಆಂಟಿಬಯಾಟಿಕ್‌ಗಳನ್ನೂ ಮೊದಲಿನಷ್ಟು ತಾಳಿಕೊಳ್ಳಲು ಆಗಲಿಲ್ಲ.