ಎಸ್ಟಿಮೇಟಿನಲ್ಲಿ ಹಳೆ ಮನೆಯೂ ಇರಲಿ

ಮನೆಗೆ ಒಂದು ಕೋಣೆ ಸೇರಿಸಬೇಕು ಎಂದು ಬರುವವರು ಮೊದಲು ಕೇಳುವುದು, "ಚದರಡಿಗೆ ಎಷ್ಟು ಬೀಳುತ್ತದೆ?" ಖಾಲಿ ಜಾಗದಲ್ಲಿ ಹೊಸ ಮನೆ ಕಟ್ಟುವುದಾದರೆ ಆ ಲೆಕ್ಕ ಒಂದು ಮಟ್ಟಿಗೆ ಸರಿ. ಇದ್ದ ಮನೆಗೆ ಸೇರಿಸುವಾಗ ಅದು ನಡೆಯುವುದಿಲ್ಲ. ಹೊಸ ಕೋಣೆಯ ಪಂಚಾಂಗಕ್ಕೆ (ಅಡಿಪಾಯಕ್ಕೆ), ಗೋಡೆಗೆ, ಸ್ಲಾಬಿಗೆ ಎಷ್ಟಾಗುತ್ತದೆ ಎಂದು ಅನುಭವ ಇರುವ ಯಾವ ಮೇಸ್ತ್ರಿಯೂ ಹೇಳಬಲ್ಲ. ಆ ಲೆಕ್ಕ ಅಷ್ಟೇನೂ ತಪ್ಪುವುದಿಲ್ಲ. ಹಣ ಸೋರುವುದು ಹೊಸತು ಹಳತನ್ನು ಮುಟ್ಟುವ ಜಾಗದಲ್ಲಿ.

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ನನಗೆ ಬರುವ ಕೆಲಸಗಳು ಹೆಚ್ಚುಕಮ್ಮಿ ಒಂದೇ ತರಹದವು. ನಲವತ್ತು ಐವತ್ತು ವರ್ಷದ ಹಂಚಿನ ಮನೆ. ಮಣ್ಣಿನಲ್ಲಿ ಕಟ್ಟಿದ ಕೆಂಪುಕಲ್ಲಿನ ಗೋಡೆ. ಬಚ್ಚಲು ಹೊರಗೆ, ಎರಡು ಮೆಟ್ಟಿಲು ಇಳಿದು ಹೋಗಬೇಕು. ಈಗ ಅಪ್ಪನಿಗೋ ಅಮ್ಮನಿಗೋ ಮೊಣಕಾಲು ನೋವು. ಕೆಳಗೇ ಒಂದು ಕೋಣೆ, ಅದಕ್ಕೆ ಸೇರಿದ ಬಾತ್‌ರೂಮ್, ಸಾಧ್ಯವಾದರೆ ಅಡುಗೆಮನೆ ಸ್ವಲ್ಪ ದೊಡ್ಡದು. ಒಟ್ಟು ಮುನ್ನೂರು ಚದರಡಿಯ ಮಾತು. ಕೇಳುವಾಗ ಸಣ್ಣ ಕೆಲಸ ಅನಿಸುತ್ತದೆ, ಅಲ್ವಾ?

ಎಸ್ಟಿಮೇಟಿನಲ್ಲಿ ಬರೆಯದೆ ಬಿಟ್ಟದ್ದನ್ನು ನೋಡಿ. ಆ ಬದಿಯ ಹಂಚು ಇಳಿಸಿದಾಗ ಪಕ್ಕಾಸಿನ (ಹಂಚನ್ನು ಹೊರುವ ಮರದ) ತುದಿ ಕೊಳೆತು ಕುಂಬಾದದ್ದು ಗೊತ್ತಾಗುತ್ತದೆ. ಒಂದು ಪಕ್ಕಾಸು ಬದಲಿಸಲು ಹೋದರೆ ಪಕ್ಕದ್ದೂ ಹಾಗೇ ಇರುತ್ತದೆ. ಹೊಸ ಕೋಣೆಗೆ ಕರೆಂಟು ಎಳೆಯಲು ಹೋದರೆ ಹಳೆ ಮೈನ್ ಬೋರ್ಡು ಗೀಸರಿನ ಲೋಡು ತಡೆಯುವ ಸ್ಥಿತಿಯಲ್ಲಿಲ್ಲ. ಹಳೆ ನೆಲ ಕೆಳಗೆ, ಹೊಸ ಟೈಲ್ಸ್ ಮೇಲೆ. ಆ ಒಂದೂವರೆ ಇಂಚಿನ ವ್ಯತ್ಯಾಸಕ್ಕೆ ಎಡವುವವರು ಯಾರಿಗಾಗಿ ಕೋಣೆ ಕಟ್ಟಿದೆವೋ ಅವರೇ. ಕೊನೆಗೆ ಪೈಂಟ್. ಹೊಸ ಬದಿ ಬೆಳ್ಳಗೆ ಹೊಳೆಯುವಾಗ ಹಳೆ ಬದಿಯನ್ನು ಹಾಗೇ ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ. ಇಡೀ ಮನೆಗೆ ಬಣ್ಣ ಆಗುತ್ತದೆ. ಇದರಲ್ಲಿ ಯಾವುದೂ ಮೇಸ್ತ್ರಿಯ ಮೋಸ ಅಲ್ಲ. ಕೇಳಿದ್ದು ಹೊಸ ಕೋಣೆಯ ಲೆಕ್ಕ, ಅವನು ಕೊಟ್ಟದ್ದೂ ಅದನ್ನೇ.

ಅದಕ್ಕೇ ನಾನು ಎಸ್ಟಿಮೇಟನ್ನು ಎರಡು ಹಾಳೆಯಲ್ಲಿ ಬರೆಯುತ್ತೇನೆ. ಒಂದರಲ್ಲಿ ಹೊಸ ಕೋಣೆ. ಇನ್ನೊಂದರಲ್ಲಿ ಹಳೆ ಮನೆಗೆ ಆಗುವ ಕೆಲಸ. ಎರಡನೆಯ ಹಾಳೆ ಬರೆಯುವ ಮೊದಲು ಮೂಲೆಯ ನಾಲ್ಕು ಹಂಚು ತೆಗೆಸಿ ನೋಡುತ್ತೇನೆ. ಗೋಡೆಯ ಬುಡದಲ್ಲಿ ಒಂದು ಗುಂಡಿ ತೋಡಿಸಿ ಹಳೆ ಪಂಚಾಂಗ ಎಷ್ಟು ಆಳಕ್ಕಿದೆ ಎಂದು ಅಳೆಯುತ್ತೇನೆ. ಅರ್ಧ ದಿನದ ಕೂಲಿ ಅಷ್ಟೆ. ಅದರ ಮೇಲೂ ನೂರಕ್ಕೆ 15ರಷ್ಟು ಹಣ ಬೇರೆ ಇಡಿ ಎನ್ನುತ್ತೇನೆ. ಆ ಹಣ ಟೈಲ್ಸ್ ಅಂಗಡಿಯಲ್ಲಿ ಖರ್ಚಾಗಬಾರದು.

ಜೋಡಣೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮುಂದಿನ ಹತ್ತು ವರ್ಷದ ತಲೆನೋವು ಇರುವುದು ಇಲ್ಲೇ.

ಹಳೆ ಗೋಡೆ ಕೂರಬೇಕಾದಷ್ಟು ಯಾವತ್ತೋ ಕೂತಾಗಿದೆ. ಹೊಸತು ಇನ್ನು ಮೇಲೆ ಕೂರಬೇಕು. ಎರಡನ್ನೂ ಬಿಗಿಯಾಗಿ ಕಟ್ಟಿಹಾಕಿದರೆ ಒಂದೆರಡು ವರ್ಷದಲ್ಲಿ ಉದ್ದಕ್ಕೆ ಬಿರುಕು ಬೀಳುತ್ತದೆ. ಹಳೆ ಗೋಡೆಯ ಕಲ್ಲು ಬಿಡಿಸಿ ಹೊಸ ಕಲ್ಲನ್ನು ಅದರೊಳಗೆ ಸೇರಿಸುವುದು ಹೆಚ್ಚಿನ ಮೇಸ್ತ್ರಿಗಳ ಅಭ್ಯಾಸ. ಸಿಮೆಂಟಿನಲ್ಲಿ ಕಟ್ಟಿದ ಗೋಡೆಗಾದರೆ ಅಡ್ಡಿಯಿಲ್ಲ. ಮಣ್ಣಿನಲ್ಲಿ ಕಟ್ಟಿದ ಗೋಡೆಗೆ ನಾನು ಒಪ್ಪುವುದಿಲ್ಲ. ಹೊಸ ಗೋಡೆ ತನ್ನ ಕಾಲ ಮೇಲೆ ನಿಲ್ಲಲಿ. ನಡುವೆ ಒಂದು ನೇರ ಗೆರೆ ಬಿಟ್ಟು, ಎಳೆದರೆ ಹಿಗ್ಗುವ ಸೀಲಂಟ್ ತುಂಬಿಸಿ, ಮೇಲೆ ಒಂದು ಪಟ್ಟಿ ಹೊಡೆದರೆ ಮುಗಿಯಿತು. ಇನ್ನೊಂದು ಮಾತು. ಹಳೆ ಪಂಚಾಂಗಕ್ಕಿಂತ ಆಳಕ್ಕೆ ಅದರ ಪಕ್ಕದಲ್ಲೇ ಉದ್ದಕ್ಕೂ ಒಮ್ಮೆಲೇ ಅಗೆಯಬಾರದು. ಜೆಸಿಬಿ ಬಂದಿದೆ, ಒಂದು ಗಂಟೆಯಲ್ಲಿ ಮುಗಿಸೋಣ ಎಂದು ಹೇಳುವವರು ಇರುತ್ತಾರೆ. ಹಳೆ ಗೋಡೆಯ ಹತ್ತಿರ ಕೈಯಲ್ಲೇ, ತುಂಡು ತುಂಡಾಗಿ ಅಗೆಯಿಸಿ.

ಗೋಡೆಗಿಂತ ದೊಡ್ಡ ಸಮಸ್ಯೆ ಮಾಡಿನದ್ದು, ಅಂದರೆ ಛಾವಣಿಯದ್ದು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ. ಹಂಚಿನ ಇಡೀ ಇಳಿಜಾರಿನ ನೀರು ಬಂದು ಹೊಸ ಗೋಡೆಗೆ ಬಡಿಯುವಂತೆ ಕಟ್ಟಿದರೆ ಯಾವ ವಾಟರ್‌ಪ್ರೂಫಿಂಗ್ ಕೂಡ ಅದನ್ನು ಬಹಳ ಕಾಲ ತಡೆಯುವುದಿಲ್ಲ. ಅಲ್ಲೊಂದು ತಗಡಿನ ದಂಬೆ (ಮಳೆನೀರು ಹರಿಯುವ ದೋಣಿ) ಕೂರಿಸುತ್ತಾರೆ. ನಾಲ್ಕು ಇಂಚಿನದ್ದು. ಮೊದಲ ಗಾಳಿಮಳೆಗೇ ಹಲಸಿನ ಎಲೆ, ಮಾವಿನ ಎಲೆ ತುಂಬಿ ನೀರು ಒಳಗೆ. ದಂಬೆ ಇಡಲೇಬೇಕಾದರೆ ಕೈ ಹಾಕಿ ಗುಡಿಸುವಷ್ಟು ಅಗಲ ಇರಲಿ. ಅದಕ್ಕಿಂತ ಒಳ್ಳೆಯದು, ಹೊಸ ಸ್ಲಾಬು ಹಂಚಿನ ಅಂಚಿಗಿಂತ ಕೆಳಗೆ ಬರುವಂತೆ ಮಟ್ಟ ಇಡುವುದು. ಆಗ ಹಂಚಿನ ನೀರು ಸ್ಲಾಬಿನ ಮೇಲೆ ಬಿದ್ದು ಹೊರಗಿನ ಬದಿಗೆ ಇಳಿದು ಹೋಗುತ್ತದೆ. ಸ್ಲಾಬಿನ ಮೇಲೆ ನೂರು ಅಡಿಗೆ ಒಂದು ಅಡಿಯ ಲೆಕ್ಕದಲ್ಲಾದರೂ ಇಳಿಜಾರು ಬೇಕು. ಪ್ಲಾನಿನ ಹಂತದಲ್ಲಿ ಈ ಮಟ್ಟ ನಿಶ್ಚಯಿಸಲು ಒಂದು ರೂಪಾಯಿಯೂ ಖರ್ಚಿಲ್ಲ.

ಬಾತ್‌ರೂಮ್ ಸೇರಿಸುವಾಗ ಬಾವಿ ಎಲ್ಲಿದೆ ಎಂದು ನೋಡಿ. ಶೌಚದ ನೀರಿನ ಇಂಗುಗುಂಡಿಗೂ ಬಾವಿಗೂ ನಡುವೆ 7.5 ಮೀಟರ್ ದೂರ ಬೇಕೆನ್ನುತ್ತದೆ ಕೇರಳದ ಕಟ್ಟಡ ನಿಯಮ. ಮುರಕಲ್ಲಿನ (ಕೆಂಪುಕಲ್ಲಿನ) ನೆಲದಲ್ಲಿ ನೀರು ತೂತುಗಳ ಮೂಲಕ ಬೇಗ ಇಳಿಯುತ್ತದೆ, ಹಾಗಾಗಿ ಜಾಗ ಇದ್ದರೆ ಇನ್ನೂ ದೂರ ಇಡಿ ಎಂದೇ ನನ್ನ ಸಲಹೆ. ನಮ್ಮ ಹಳೆ ಮನೆಗಳಲ್ಲಿ ಬಾವಿ ಇರುವುದು ಅಡುಗೆಮನೆಯ ಹಿಂದೆ. ಹೊಸ ಬಾತ್‌ರೂಮ್ ಬರುವುದೂ ಅಲ್ಲೇ. ಹತ್ತು ಹನ್ನೆರಡು ಸೆಂಟಿನ ಜಾಗದಲ್ಲಿ ಪೈಪನ್ನು ಮನೆಗೆ ಸುತ್ತು ಹಾಕಿಸಿ ಅಂಗಳಕ್ಕೆ ತರಬೇಕಾಗುತ್ತದೆ. ಇಳಿಜಾರು ಸಿಗದಿದ್ದರೆ ಬಾತ್‌ರೂಮಿನ ನೆಲವನ್ನೇ ಎತ್ತರಿಸಬೇಕು. ಟೈಲ್ಸಿಗಿಂತ ಈ ಪೈಪಿನ ಕೆಲಸಕ್ಕೇ ಜಾಸ್ತಿ ಹಣ ಹೋದ ಮನೆಗಳಿವೆ.

ಇನ್ನು ವಿಳಂಬ. ಎಲ್ಲರೂ ಮೇಸ್ತ್ರಿಯನ್ನು ಬೈಯುತ್ತಾರೆ. ಅವನಿಗೆ ಒಟ್ಟಿಗೆ ಮೂರು ನಾಲ್ಕು ಕಡೆ ಕೆಲಸ ಇರುತ್ತದೆ, ಅದು ನಿಜ. ಆದರೆ ನಮ್ಮ ಕಡೆ ಕೆಲಸ ತಡವಾಗಲು ಮುಖ್ಯ ಕಾರಣ ತಡವಾಗಿ ಶುರು ಮಾಡುವುದು. ಪತ್ತನಾಜೆಯಿಂದ, ಅಂದರೆ ತುಳುವರು ಮಳೆಗಾಲದ ಹೊಸ್ತಿಲು ಎಂದು ಎಣಿಸುವ ದಿನದಿಂದ, ಹಿಂದಕ್ಕೆ ಲೆಕ್ಕ ಹಾಕಿ. ಅದು ಬರುವುದು ಮೇ 24, 25ರ ಹೊತ್ತಿಗೆ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಏಪ್ರಿಲಿನಿಂದಲೇ ಸಂಜೆ ಹೊತ್ತು ಗುಡುಗು ಮಳೆ. ಹಾಗಿದ್ದರೆ ಸ್ಲಾಬು ಮಾರ್ಚಿನ ಒಳಗೆ ಬೀಳಬೇಕು. ಏಪ್ರಿಲಿಗೆ ಬೇಡ ಎನ್ನಲು ಇನ್ನೊಂದು ಕಾರಣ ನೀರು. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿನ ಸ್ಲಾಬಿಗೆ ಕನಿಷ್ಠ 10 ದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ಬಾಯಾರು, ಎಣ್ಮಕಜೆ ಕಡೆ ಆ ಹೊತ್ತಿಗೆ ಬಾವಿ ತಳ ಕಂಡಿರುತ್ತದೆ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಲ್ಲಿ ನೂಲಿನ ಹಾಗೆ ನೀರು. ಕುಡಿಯಲು ಇಲ್ಲದ ನೀರನ್ನು ಸ್ಲಾಬಿಗೆ ಹಾಕಲು ಯಾರಿಗೂ ಮನಸ್ಸಿಲ್ಲ. ಟ್ಯಾಂಕರ್ ತರಿಸಿದರೆ ಅದೊಂದು ಖರ್ಚು.

ಮಾರ್ಚಿನಲ್ಲಿ ಸ್ಲಾಬು ಎಂದರೆ ಡಿಸೆಂಬರ್, ಜನವರಿಯಲ್ಲಿ ಪಂಚಾಂಗ. ಅದಕ್ಕೆ ಮೊದಲು ಪರ್ಮಿಟ್ ಕೈಯಲ್ಲಿರಬೇಕು. ಅಂದರೆ ಮಳೆಗಾಲದಲ್ಲೇ ಪ್ಲಾನ್ ಆಗಬೇಕು. ದಾರಂದ (ಬಾಗಿಲಿನ ಚೌಕಟ್ಟು), ಬಾಗಿಲಿನ ಮರವನ್ನೂ ಆಗಲೇ ಕೊಯ್ಸಿ ಒಣಗಲು ಹಾಕಿ. ಹಲಸಾಗಲಿ ಹೆಬ್ಬಲಸಾಗಲಿ, ಹಸಿ ಮರದ ದಾರಂದ ಇಟ್ಟರೆ ಮಾರನೇ ವರ್ಷ ಬಾಗಿಲು ಕೂರುವುದಿಲ್ಲ. ಕೆಲಸದವರು ಬಂಗಾಳ, ಅಸ್ಸಾಂ ಕಡೆಯವರಾದರೆ ಈದ್, ಪೂಜೆ, ಅವರ ಊರಿನ ಚುನಾವಣೆ ಯಾವಾಗ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಸೆಂಟ್ರಿಂಗ್ (ಕಾಂಕ್ರೀಟ್ ಹಾಕಲು ಕಟ್ಟುವ ಶೀಟಿನ ಅಚ್ಚು) ಹೊಡೆದ ಮೇಲೆ ಅವರು ರೈಲು ಹತ್ತಿದರೆ ಶೀಟಿನ ಬಾಡಿಗೆ ನಿಮ್ಮ ತಲೆಗೆ. ಸ್ಲಾಬಿನ ಅಡಿಯ ಆಧಾರವನ್ನು ಎರಡು ವಾರದ ಒಳಗೆ ಬಿಚ್ಚಲು ಬಿಡಬೇಡಿ. ಬಾಡಿಗೆ ಉಳಿಸಲು ಬೇಗ ಬಿಚ್ಚುವ ಆಸೆ ಎಲ್ಲರಿಗೂ ಇರುತ್ತದೆ.

ಮಳೆಗೆ ಮೊದಲು ಸ್ಲಾಬು ಆಗುವುದಿಲ್ಲ ಎಂದು ಗೊತ್ತಾದರೆ ಏನು ಮಾಡುವುದು? ನಿಲ್ಲಿಸಿ. ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ಅಡ್ಡಪಟ್ಟಿ) ಮಟ್ಟದಲ್ಲಿ ನಿಲ್ಲಿಸಿ, ಗೋಡೆಯ ತಲೆಗೆ ಟಾರ್ಪಾಲು ಕಟ್ಟಿ, ನವರಾತ್ರಿ ಕಳೆದು ಮತ್ತೆ ಶುರು ಮಾಡಿ. ಉಳಿದ ಸಿಮೆಂಟನ್ನು ಮಾತ್ರ ಆ ತನಕ ಇಟ್ಟುಕೊಳ್ಳಬೇಡಿ. ಮಳೆಗಾಲದ ತೇವದಲ್ಲಿ ಚೀಲದೊಳಗೇ ಅದರ ಬಲ ಕುಂದುತ್ತದೆ. ಪಂಚಾಂಗ, ಲಿಂಟಲ್, ಸ್ಲಾಬು ಈ ಮೂರೂ ನಿಲ್ಲಿಸಬಹುದಾದ ಜಾಗಗಳು. ಹಂಚು ಇಳಿಸಿ ಆದ ಮೇಲೆ ನಿಲ್ಲಿಸಲು ಆಗುವುದಿಲ್ಲ.

ಮನೆಯೊಳಗೆ ಬದುಕುವವರಿಗೆ ನಾನು ಹೇಳುವ ಒಂದೇ ನಿಯಮ, ಹಳೆ ಗೋಡೆಯನ್ನು ಕಟ್ಟಕಡೆಗೆ ಒಡೆಯಿರಿ. ಹೊಸ ಕೋಣೆಗೆ ಮಾಡು, ಕಿಟಕಿ, ಹೊರಗಿನ ಬಾಗಿಲು, ಬೀಗ ಎಲ್ಲ ಬಂದ ಮೇಲೆ ಒಳಗಿನ ದಾರಿ ಬಿಡಿಸಿದರೆ ಸಾಕು. ಮೇಸ್ತ್ರಿಗೆ ಮೊದಲೇ ಒಡೆಯುವುದು ಸುಲಭ, ಸಾಮಾನು ಸಾಗಿಸಲು ಹತ್ತಿರ. ಮನೆಯವರಿಗೆ ಮೂರು ತಿಂಗಳು ಧೂಳು, ಹಾವಿನ ಭಯ, ಕಳ್ಳರ ಭಯ. ಅಡುಗೆಮನೆಯನ್ನು ಮುಟ್ಟುವುದಾದರೆ ಮೊದಲು ಬೇರೆ ಕಡೆ ಒಂದು ನಳ್ಳಿ, ಒಂದು ಸಿಂಕ್, ಗ್ಯಾಸಿಗೆ ಜಾಗ ಮಾಡಿಕೊಳ್ಳಿ. ಅದಕ್ಕೆ ಆಗುವ ಖರ್ಚನ್ನೂ ಎಸ್ಟಿಮೇಟಿಗೆ ಸೇರಿಸಿ. ಬಾವಿಗೆ ಹೊದಿಕೆ ಹಾಕಿ. ಕಟರ್, ಡ್ರಿಲ್ಲಿಗೆ ಕರೆಂಟು ಕೊಡುವ ಪಾಯಿಂಟಿಗೆ ಆರ್‌ಸಿಸಿಬಿ (ಶಾಕ್ ಹೊಡೆದರೆ ತಾನಾಗಿ ಕರೆಂಟು ಕಡಿಯುವ ಸ್ವಿಚ್ಚು) ಇರಲೇಬೇಕು. ಕೆಲಸದವರು ಯಾವ ಶೌಚಾಲಯಕ್ಕೆ ಹೋಗುತ್ತಾರೆ ಎಂದು ಮೊದಲ ದಿನವೇ ಹೇಳಿ, ಸುಮ್ನೆ ನಾಚಿಕೆ ಬೇಡ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿದ್ದರೆ ಮಾರ್ಚಿನಲ್ಲಿ ಟೈಲ್ಸ್ ಕತ್ತರಿಸುವ ಕೆಲಸ ಇಟ್ಟುಕೊಳ್ಳಬೇಡಿ.

ಹಣದ ವಿಷಯ. ಊರಲ್ಲೇ ಇರುವವರಿಗೆ ಲೇಬರ್ ಕಾಂಟ್ರಾಕ್ಟ್ ಒಳ್ಳೆಯದು, ಸಾಮಾನು ನೀವೇ ತರಿಸಿ. ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದು, ಮನೆಯಲ್ಲಿ ಅಮ್ಮ ಒಬ್ಬರೇ ಎಂದಾದರೆ ಸಾಮಾನು ಸಹಿತ ಕೊಟ್ಟುಬಿಡಿ. ಜಲ್ಲಿ ಕಡಿಮೆ ಬಂತು, ಎಂ-ಸ್ಯಾಂಡ್ ಬರಲಿಲ್ಲ ಎಂದು ದಿನಾ ಅವರಿಗೆ ಫೋನ್ ಮಾಡಿಸುವುದು ಸರಿಯಲ್ಲ. ಕಾಂಕ್ರೀಟ್ ಹಾಕುವ ಮುಂಚೆ ಸರಳು ಕಟ್ಟಿದ್ದರ ಮೇಲೆ ಟೇಪ್ ಇಟ್ಟು ಫೋಟೋ ಕಳಿಸಲು ಹೇಳಿ. ಒಂದು ಅಂದಾಜು ನಿಮಗೂ ಗೊತ್ತಿರಲಿ. 300 ಚದರಡಿಯ, 5 ಇಂಚು ದಪ್ಪದ ಸ್ಲಾಬಿಗೆ ಸುಮಾರು 3.5 ಘನ ಮೀಟರ್ ಕಾಂಕ್ರೀಟ್ ಬೇಕು. ಘನ ಮೀಟರಿಗೆ 8 ಚೀಲದಂತೆ 28 ಚೀಲ ಸಿಮೆಂಟ್. ಬೀಮು ಇದ್ದರೆ ಅದು ಬೇರೆ. ಬರೀ ಸ್ಲಾಬಿಗೆ 45 ಚೀಲ ಎಂದು ಯಾರಾದರೂ ಹೇಳಿದರೆ ಯಾಕೆ ಎಂದು ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೆ ರೇಟಿನ ಎಸ್ಟಿಮೇಟು ಇದ್ದರೆ ತಿದ್ದಿಸಿ.

ಬಜೆಟ್ ಹಳಿ ತಪ್ಪುವುದು ಹೆಚ್ಚಾಗಿ ಚಾ ಹೊತ್ತಿನಲ್ಲಿ. "ಅಣ್ಣಾ, ಇಲ್ಲೊಂದು ಸ್ಲಾಬಿನ ಶೆಲ್ಫ್ ಮಾಡಿದರೆ ಒಳ್ಳೆಯದಲ್ವಾ?" ಎನ್ನುತ್ತಾನೆ ಮೇಸ್ತ್ರಿ. "ಆಯ್ತು, ಮಾಡಿ" ಎನ್ನುತ್ತೀರಿ ನೀವು. ರೇಟು ಯಾರೂ ಮಾತಾಡಲಿಲ್ಲ. ಇಂಥ ಹತ್ತು ಶೆಲ್ಫ್ ಸೇರಿ ಕೊನೆಗೆ ಜಗಳ. ಒಂದು ನೋಟ್‌ಬುಕ್ ಇಡಿ. ಹೆಚ್ಚುವರಿ ಕೆಲಸ ಯಾವುದೇ ಇರಲಿ, ಮಾಡುವ ಮೊದಲು ರೇಟು ಬರೆದು ಇಬ್ಬರೂ ಸಹಿ ಹಾಕಿ. ಮುಂಗಡ ಕೊಡುವಾಗ ಮುಂದಿನ ಒಂದು ಹಂತಕ್ಕೆ ಬೇಕಾದಷ್ಟೇ ಕೊಡಿ. ನೂರಕ್ಕೆ ಐದನ್ನಾದರೂ ಒಂದು ಮಳೆಗಾಲ ಕಳೆಯುವ ತನಕ ಹಿಡಿದಿಟ್ಟುಕೊಳ್ಳುತ್ತೇನೆ ಎಂದು ಶುರುವಿನಲ್ಲೇ ಹೇಳಿ ಬರೆಸಿ. ಆಮೇಲೆ ಹೇಳಿದರೆ ಅದು ಅನ್ಯಾಯ. ಬ್ಯಾಂಕ್ ಸಾಲ ಇದ್ದರೆ ನೆನಪಿಡಿ, ಕಂತು ಬಿಡುವುದು ಹಂತ ಮುಗಿದ ಮೇಲೆ. ಶುರುವಿನ ಹಣ ನಿಮ್ಮ ಕೈಯಲ್ಲೇ ಇರಬೇಕು.

ಪರ್ಮಿಟ್ ಬೇಡ, ಹಿಂದಿನ ಬದಿ ಯಾರು ನೋಡುತ್ತಾರೆ ಎನ್ನುವವರು ಇನ್ನೂ ಇದ್ದಾರೆ. ಸುಣ್ಣ ಬಣ್ಣ, ಸಾರಣೆ, ನೆಲದ ಟೈಲ್ಸಿಗೆ ಬೇಡ. ಕೋಣೆ ಸೇರಿಸಲು ಬೇಕು. ಅರ್ಜಿ ಈಗ ಕೇರಳದ ಸ್ಥಳೀಯ ಸಂಸ್ಥೆಗಳ ಆನ್‌ಲೈನ್ ವ್ಯವಸ್ಥೆ ಕೆ-ಸ್ಮಾರ್ಟ್ ಮೂಲಕ, ಲೈಸೆನ್ಸ್ ಇರುವವರು ಮಾಡಿದ ಪ್ಲಾನಿನ ಜೊತೆ. 2019ರ ಕೇರಳ ಪಂಚಾಯತ್ ಕಟ್ಟಡ ನಿಯಮದಂತೆ ಪರ್ಮಿಟಿಗೆ 5 ವರ್ಷ ಆಯುಷ್ಯ, ಹಾಗಾಗಿ ಬೇಗ ತೆಗೆದಿಟ್ಟರೆ ನಷ್ಟವಿಲ್ಲ. ಜಾಗ ದಾಖಲೆಯಲ್ಲಿ ನಂಜ (ಗದ್ದೆ) ಎಂದಿದ್ದರೆ ಮೊದಲು ಅದನ್ನು ನೋಡಿ. ಹಳೆ ಮನೆ ಅಲ್ಲೇ ಇದೆ ಎಂಬ ಒಂದೇ ಕಾರಣಕ್ಕೆ 2008ರ ಗದ್ದೆ ಸಂರಕ್ಷಣಾ ಕಾನೂನು ಬಿಟ್ಟುಕೊಡುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಬದಿಯವರು ರಸ್ತೆಯಿಂದ ಬಿಡಬೇಕಾದ ದೂರವನ್ನು ಅಗಲವಾದ ಮೇಲಿನ ಹೊಸ ಗಡಿಯಿಂದಲೇ ಅಳೆಯಿರಿ.

ತೆರಿಗೆಯಲ್ಲೂ ಹಳೆ ಮನೆ ಲೆಕ್ಕಕ್ಕೆ ಬರುತ್ತದೆ. ವಿಲ್ಲೇಜ್ ಆಫೀಸಿನ ಮೂಲಕ ಬರುವ ಒಂದು ಸಲದ ಕಟ್ಟಡ ತೆರಿಗೆಗೆ 100 ಚದರ ಮೀಟರ್ ತನಕ ವಿನಾಯಿತಿ. ನೋಡುವುದು ಹಳತು ಹೊಸತು ಸೇರಿದ ಒಟ್ಟು ವಿಸ್ತೀರ್ಣವನ್ನು. ಅದು 278.7 ಚದರ ಮೀಟರ್, ಅಂದರೆ 3000 ಚದರಡಿ ಮುಟ್ಟಿದರೆ ಪ್ರತಿ ವರ್ಷ ಲಕ್ಸುರಿ ಟ್ಯಾಕ್ಸ್ ಬೇರೆ. 2400 ಚದರಡಿಯ ಮನೆಗೆ 700 ಸೇರಿಸಲು ಹೊರಟವರಿಗೆ ನಾನು 120 ಚದರಡಿ ಕಡಿಮೆ ಮಾಡಿ ಎನ್ನುವುದು ಇದಕ್ಕೇ. ಸ್ವಂತ ಮನೆಯ ಕೆಲಸದ ಖರ್ಚು 50 ಲಕ್ಷ ದಾಟಿದರೆ ಕಾರ್ಮಿಕ ಕಲ್ಯಾಣದ ಶೇ. 1ರ ಸೆಸ್ ಕೂಡ ಇದೆ; 2025ರ ನವೆಂಬರ್ ತನಕ ಆ ಮಿತಿ 10 ಲಕ್ಷ ಇತ್ತು. ಹಳೆ ಮನೆಗೆ ಹಿಂದೆ ಕಟ್ಟಿದ ಕಟ್ಟಡ ತೆರಿಗೆಯ ರಸೀದಿ ಮನೆಯಲ್ಲಿ ಎಲ್ಲಾದರೂ ಇದ್ದರೆ ಈಗಲೇ ಹುಡುಕಿಡಿ. ಹೊಸ ಲೆಕ್ಕದಲ್ಲಿ ಆ ಹಣ ಕಳೆಯಲು ಅವಕಾಶವಿದೆ, ಆದರೆ ಕಟ್ಟಿದ್ದೇವೆ ಎಂದು ತೋರಿಸಬೇಕಾದವರು ನೀವು.