ಓದುಗರ ಪ್ರಶ್ನೆ: ಒಬ್ಬ ಓಟಗಾರನೂ ಸಿಕ್ಕಿಬೀಳಲಿಲ್ಲ, ಕೋಚ್‌ಗೆ ಯಾಕೆ ನಿಷೇಧ?

ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ಬಿಟ್ಟುಹೋಗಿದೆ. ಪ್ರಶ್ನೆ ಪ್ರತಿ ಸಲವೂ ಹೀಗೇ ಇರುತ್ತದೆ: "ಆಲ್ಬರ್ಟೊ ಸಲಾಜಾರ್ ಅವರ ಒರೆಗಾನ್ ಪ್ರಾಜೆಕ್ಟ್‌ನಲ್ಲಿ ಯಾರ ಟೆಸ್ಟೂ ಪಾಸಿಟಿವ್ ಬರಲಿಲ್ಲ. ಹಾಗಿದ್ದ ಮೇಲೆ ಕೋಚ್‌ಗೆ ನಾಲ್ಕು ವರ್ಷ ನಿಷೇಧ ಹಾಕಿದ್ದು ಅನ್ಯಾಯ ಅಲ್ವಾ?"

ಸಲಾಜಾರ್ ಅಮೆರಿಕದ ಓಟದ ಕೋಚ್. ಒರೆಗಾನ್ ಪ್ರಾಜೆಕ್ಟ್ ಅಂದರೆ ನೈಕಿ ಕಂಪನಿ ನಡೆಸುತ್ತಿದ್ದ ಓಟಗಾರರ ತರಬೇತಿ ಗುಂಪು. ಅನ್ಯಾಯ ಅಲ್ಲ. ಯಾಕೆ ಅಂತ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಮಾತ್ರ ಡೋಪಿಂಗ್ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ವಿಶ್ವ ಡೋಪಿಂಗ್ ವಿರೋಧಿ ಸಂಹಿತೆ ಈಗ 11 ಬಗೆಯ ತಪ್ಪುಗಳನ್ನು ಹೇಳುತ್ತದೆ. ಪಾಸಿಟಿವ್ ಬರುವುದು ಅದರಲ್ಲಿ ಒಂದು, ಅಷ್ಟೇ. ನಿಷೇಧಿತ ಮದ್ದು ಇಟ್ಟುಕೊಳ್ಳುವುದು, ಸಾಗಿಸುವುದು, ಬೇರೆಯವರಿಗೆ ಕೊಡುವುದು, ತನಿಖೆಯಲ್ಲಿ ಕೈಯಾಡಿಸುವುದು, ಇನ್ನೊಬ್ಬರ ತಪ್ಪಿಗೆ ಜೊತೆಯಾಗುವುದು, ಎಲ್ಲವೂ ತಪ್ಪೇ. ಕೋಚ್‌ನ ಮೂತ್ರವನ್ನು ಯಾರೂ ಪರೀಕ್ಷೆಗೆ ಕಳಿಸುವುದಿಲ್ಲವಲ್ಲ. ಈ ನಿಯಮಗಳು ಇಲ್ಲದಿದ್ದರೆ ಯಾವ ಕೋಚನ್ನೂ ಹಿಡಿಯಲು ಆಗುತ್ತಿರಲಿಲ್ಲ.

ಸಲಾಜಾರ್ ಮಾಡಿದ್ದನ್ನು ಹತ್ತಿರದಿಂದ ನೋಡೋಣ. 2009ರಲ್ಲಿ ಅವರ ಹತ್ತಿರ ಟೆಸ್ಟೋಸ್ಟೆರಾನ್ ಜೆಲ್ ಇತ್ತು, ಅಂದರೆ ಕ್ರೀಡೆಯಲ್ಲಿ ನಿಷೇಧಿಸಿರುವ ಗಂಡು ಹಾರ್ಮೋನಿನ ಮುಲಾಮು. ಡಾಕ್ಟರು ಅವರ ಹೆಸರಿಗೆ ಬರೆದುಕೊಟ್ಟದ್ದು. ಅದನ್ನು ತಮ್ಮ ಇಬ್ಬರು ಗಂಡುಮಕ್ಕಳ ಮೈಗೆ ಸವರಿ, ಎಷ್ಟು ಹಚ್ಚಿದರೆ ಟೆಸ್ಟ್‌ನಲ್ಲಿ ಗೊತ್ತಾಗುತ್ತದೆ ಅಂತ ನೋಡಿದರು. ಮೊದಲು ಒಂದು ಪಂಪ್, ಆಮೇಲೆ ಎರಡು ಪಂಪ್. ವೈರಿಗಳು ಯಾರಾದರೂ ನಮ್ಮ ಓಟಗಾರರಿಗೆ ಬೇಕಂತಲೇ ಹಚ್ಚಿಬಿಟ್ಟರೆ ಅನ್ನುವ ಭಯದಿಂದ ಮಾಡಿದೆ ಅಂದರು. ಅವರಿಗೆ ಕೆಟ್ಟ ಉದ್ದೇಶ ಇದ್ದಂತೆ ಕಾಣುವುದಿಲ್ಲ ಅಂತ ಅಮೆರಿಕದ ನ್ಯಾಯಮಂಡಳಿಯೇ ಬರೆದಿದೆ. ಆದರೂ ತಪ್ಪು ತಪ್ಪೇ ಅಂದಿತು. ನಾನೂ ಅದನ್ನೇ ಒಪ್ಪುತ್ತೇನೆ. ಎಷ್ಟು ಹಚ್ಚಿದರೆ ಸಿಕ್ಕಿಬೀಳುತ್ತಾರೆ ಅಂತ ಗೊತ್ತಾದವರಿಗೆ, ಎಷ್ಟು ಹಚ್ಚಿದರೆ ಸಿಕ್ಕಿಬೀಳುವುದಿಲ್ಲ ಅಂತಲೂ ಗೊತ್ತಾಗುತ್ತದೆ.

ಎರಡನೆಯದು ಡ್ರಿಪ್. 2011ರಲ್ಲಿ ಸಹಾಯಕ ಕೋಚ್ ಸ್ಟೀವ್ ಮ್ಯಾಗ್ನೆಸ್ ಅವರಿಗೆ ಹ್ಯೂಸ್ಟನ್‌ನ ಡಾಕ್ಟರ್ ಜೆಫ್ರಿ ಬ್ರೌನ್ ಹತ್ತಿರ ಎಲ್-ಕಾರ್ನಿಟಿನ್ (ಕೊಬ್ಬನ್ನು ಶಕ್ತಿಯಾಗಿಸಲು ದೇಹಕ್ಕೆ ನೆರವಾಗುವ ವಸ್ತು) ಸೇರಿಸಿದ ಡ್ರಿಪ್ ಹಾಕಿಸಿದರು. ಗಂಟೆಗಟ್ಟಲೆ, ಒಂದು ಲೀಟರ್‌ಗೂ ಜಾಸ್ತಿ. "ಎಲ್-ಕಾರ್ನಿಟಿನ್ ನಿಷೇಧಿತ ಪಟ್ಟಿಯಲ್ಲೇ ಇಲ್ಲವಲ್ಲ" ಅಂತ ಕೇಳುವವರು ಬಹಳ. ನಿಜ, ಇಲ್ಲ. ಆದರೆ ಆಗಿನ ನಿಯಮದಲ್ಲಿ ಆರು ಗಂಟೆಗೆ 50 ಮಿಲಿಲೀಟರ್‌ಗಿಂತ ಜಾಸ್ತಿ ಏನನ್ನೂ ನರಕ್ಕೆ ಹರಿಸುವಂತಿರಲಿಲ್ಲ. ಬರೀ ಉಪ್ಪುನೀರಾದರೂ ಸರಿಯೇ. ರಕ್ತ ತೆಳುವಾದರೆ ಬೇರೆ ಮದ್ದಿನ ಗುರುತು ಮುಚ್ಚಿಹೋಗಬಹುದು. ಅದಕ್ಕೇ ಆ ಮಿತಿ. ಆಸ್ಪತ್ರೆಗೆ ಸೇರಿದವರ ಮಾತು ಬೇರೆ. ಇಲ್ಲಿ ಮ್ಯಾಗ್ನೆಸ್‌ಗೆ ಯಾವ ಕಾಯಿಲೆಯೂ ಇರಲಿಲ್ಲ. ಡ್ರಿಪ್ ಆದ ಮೇಲೆ ಓಟ ಎಷ್ಟು ಸುಧಾರಿಸಿತು ಅಂತ ಟ್ರೆಡ್‌ಮಿಲ್ ಮೇಲೆ ಅಳೆದರು. ಫಲಿತಾಂಶ ಕಂಡು ಸಲಾಜಾರ್ ಉತ್ಸಾಹದಿಂದ ಇಮೇಲ್ ಕಳಿಸಿದ್ದು ಯಾರಿಗೆ ಗೊತ್ತೇ? ಅಮೆರಿಕದ ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ.

ಆರ್ಮ್‌ಸ್ಟ್ರಾಂಗ್ ಕೂಡ ವರ್ಷಗಟ್ಟಲೆ ಟೆಸ್ಟ್‌ಗಳನ್ನು ದಾಟಿಕೊಂಡು ಬಂದವರೇ. 2012ರಲ್ಲಿ ಅವರನ್ನು ಕೆಡವಿದ್ದು ಜೊತೆಗೆ ಸೈಕಲ್ ತುಳಿದವರ ಸಾಕ್ಷಿ. ಅದಕ್ಕೂ ಮುಂಚೆ, ಕ್ರೀಡಾಪಟುಗಳಿಗೆ ಮದ್ದು ಕೊಡುತ್ತಿದ್ದ ಅಮೆರಿಕದ ಬಾಲ್ಕೊ ಕಂಪನಿಯ 2003ರ ಪ್ರಕರಣವಿದೆ. ಅಲ್ಲಿನ ಹೊಸ ಸ್ಟೆರಾಯ್ಡ್ ಟಿಎಚ್‌ಜಿ ಯಾವ ಲ್ಯಾಬ್‌ಗೂ ಗೊತ್ತೇ ಇರಲಿಲ್ಲ. ಬಳಸಿದ ಸಿರಿಂಜ್ ಒಂದನ್ನು ಒಬ್ಬ ಕೋಚ್ ತನಿಖೆಯವರಿಗೆ ಕಳಿಸಿದ ಮೇಲೆ ಅದಕ್ಕೊಂದು ಟೆಸ್ಟ್ ಹುಟ್ಟಿತು. ಲ್ಯಾಬ್‌ಗೆ ತಾನು ಹುಡುಕಿದ್ದು ಮಾತ್ರ ಕಾಣುತ್ತದೆ. ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಿ, ಇನ್ನೊಮ್ಮೆ ಕೇಳಬೇಡಿ.

2019ರಲ್ಲಿ ದೋಹಾ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿರುವಾಗಲೇ ಸಲಾಜಾರ್, ಬ್ರೌನ್ ಇಬ್ಬರಿಗೂ ನಾಲ್ಕು ವರ್ಷದ ನಿಷೇಧ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನೈಕಿ ಒರೆಗಾನ್ ಪ್ರಾಜೆಕ್ಟನ್ನೇ ಮುಚ್ಚಿತು. 2021ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಈ ತಪ್ಪುಗಳಿಂದ ಯಾವ ಸ್ಪರ್ಧೆಗೂ ನೇರ ಪರಿಣಾಮ ಆಗಲಿಲ್ಲ ಅಂತಲೂ ಹೇಳಿತು. ಹಾಗಾಗಿ ಲಂಡನ್ 2012ರ 10,000 ಮೀಟರ್ ಓಟದಲ್ಲಿ ಸಲಾಜಾರ್ ಶಿಷ್ಯರಾದ ಮೊ ಫರಾ ಗೆದ್ದ ಚಿನ್ನ, ಗ್ಯಾಲೆನ್ ರಪ್ ಗೆದ್ದ ಬೆಳ್ಳಿ ಅವರ ಹತ್ತಿರವೇ ಇವೆ. ಕೋಚ್ ತಪ್ಪಿತಸ್ಥ ಅಂದ ಮಾತ್ರಕ್ಕೆ ಶಿಷ್ಯರನ್ನೂ ಕಳ್ಳರು ಅನ್ನುವುದು ಸರಿಯಲ್ಲ.

ನೀವು ಕೇಳದಿದ್ದರೂ ಇದರ ಉಲ್ಟಾ ಪ್ರಶ್ನೆ ಒಂದಿದೆ. ಕೋಚ್ ಕೊಟ್ಟದ್ದನ್ನು ಓಟಗಾರ್ತಿ ನಂಬಿ ತಿಂದರೆ? ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಗೊತ್ತಲ್ಲ, 2010ರ ಗ್ವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದವರು. ಮರುವರ್ಷವೇ ಅವರೂ ತಂಡದ ಇನ್ನು ಕೆಲವರೂ ಸ್ಟೆರಾಯ್ಡ್ ಟೆಸ್ಟ್‌ನಲ್ಲಿ ಸಿಕ್ಕಿಬಿದ್ದರು. ಉಕ್ರೇನ್‌ನ ಕೋಚ್ ಯೂರಿ ಒಗೊರೊಡ್ನಿಕ್ ಕೊಟ್ಟ, ಚೀನಾದಿಂದ ತಂದ ಜಿನ್ಸೆಂಗ್ ಡಬ್ಬಿಯೇ ಕಾರಣ ಅಂತ ಹುಡುಗಿಯರು ಹೇಳಿದರು. ಕೋಚ್ ಕೆಲಸ ಕಳೆದುಕೊಂಡರು. ಮೈಯಲ್ಲಿ ಏನು ಸಿಕ್ಕರೂ ಓಟಗಾರರೇ ಹೊಣೆ ಅನ್ನುವುದು ನಿಯಮ. ಭಾರತದ ಡೋಪಿಂಗ್ ವಿರೋಧಿ ಸಮಿತಿ ಒಂದು ವರ್ಷ ನಿಷೇಧ ಹಾಕಿತ್ತು. 2012ರಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷ ಮಾಡಿತು. ಫರಾ, ರಪ್ ಓಡಿದ ಅದೇ ಲಂಡನ್ ಒಲಿಂಪಿಕ್ಸ್ ಅಶ್ವಿನಿಯ ಕೈತಪ್ಪಿತು.